ಹನ್ನೊಂದು ಕುಯ್ಲು

ಕಾರ್ತಿಕ ಕಳೆದಿತ್ತು. ಹಾರನಹಳ್ಳಿಯ ಹೊಲಗಳಲ್ಲಿ ಇಬ್ಬನಿ ಆರುವುದನ್ನೇ ಕಾದು ಜನ ರಾಗಿ ಕುಯ್ಯುತ್ತಿದ್ದರು. ಹೋದ ವಾರ ದ್ರಾಕ್ಷಾಯಣಿ ಪಕ್ಕದ ಶರತ್ಚಂದ್ರನ ಹೊಲದಲ್ಲಿ ಒಂದು ದಿನ ಕುಯ್ದು ಬಂದಿದ್ದಳು. ಆಳಿಗೆ ಆಳಾಗಿ ಆ ಮುಯ್ಯಿ ತೀರಿಸಲು ಇವತ್ತು ಅವನು ಕುಡುಗೋಲು ಹಿಡಿದು ಬಂದ.

“ಕುಡ್ಲು ಅಲ್ಲಿಡು. ಲ್ಯಾಪ್‌ಟಾಪ್ ತಗೊಂಬಾ. ಇವತ್ತು ನಂಗೆ ಆ ಕೆಲಸ ಆಗ್ಬೇಕು,” ಅಂದಳು.

ಅವಳ ಬ್ಲಾಗ್ ಇದ್ದ ತಾಣ ಇನ್ನು ಮೂರು ದಿನಕ್ಕೆ ಮುಚ್ಚುತ್ತಿತ್ತು. ಹನ್ನೊಂದು ವರ್ಷ ಹೊಲ, ಮಳೆ, ಬಿತ್ತನೆ ಅಂತ ಬರೆದ ನಾನೂರ ಹನ್ನೆರಡು ಬರಹ ಅಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅರಸೀಕೆರೆಯಲ್ಲಿ ಕಂಪ್ಯೂಟರ್ ಕಲಿಸುವ ಶರತ್, ಹಳೆ ಬ್ಲಾಗನ್ನು ಹೊಸ ಜಾಗಕ್ಕೆ ಸಾಗಿಸುವ ಪ್ರೋಗ್ರಾಮ್ ಒಂದನ್ನು ಬರೆದಿದ್ದ.

ಹೊಂಗೆ ನೆರಳಲ್ಲಿ ಕೂತು ಕಪ್ಪು ಪರದೆಯ ಮೇಲೆ ಉದ್ದದೊಂದು ಸಾಲು ಟೈಪ್ ಮಾಡಿದ. ಪಾಸ್‌ವರ್ಡ್ ಅವಳೇ ಒತ್ತಿದಳು. ಇಂಗ್ಲಿಷ್ ಅಕ್ಷರಗಳು ಸರಸರ ಹರಿದು ನಿಂತವು.

“ಮುಗೀತಕ್ಕ. ಐದೇ ನಿಮಿಷ.”

ಅವಳು ಅವಸರ ಮಾಡದೆ ಹೊಸ ಜಾಗದಲ್ಲಿ ಒಂದೊಂದೇ ವರ್ಷ ನೋಡುತ್ತ ಹೋದಳು. “‘ಇವತ್ತು ಕುಯ್ಲು ಶುರು’ ಅಂತ ವರ್ಷ ವರ್ಷ ಬರ್ದಿದೀನಿ. ಇಲ್ಲಿ ಒಂದೇ ಐತಲ್ಲೋ?”

“ತಲೆಬರಹ ಒಂದೇ ಆದ್ರೆ ಒಂದನ್ನ ಇಟ್ಕೊಂಡು ಮಿಕ್ಕಿದ್ದು ಬಿಟ್ಬಿಡುತ್ತೆ.”

“ನಿಮ್ಮಪ್ಪನ ಹೆಸ್ರು ಮರುಳಪ್ಪ. ಕೆಳಗಲ ಬೀದೀಲೂ ಒಬ್ಬ ಮರುಳಪ್ಪ ಅವ್ನೆ. ಯಾರನ್ನ ಬಿಡಾನ ಹೇಳು?”

ಶರತ್ ನಕ್ಕ. “ಸಾಲಿನ ಕೊನೇಲಿ ಇನ್ನೊಂದು ಪದ ಸೇರಿಸಿದ್ರೆ ಎಲ್ಲಾ ಬರುತ್ತೆ. ಪಾಸ್‌ವರ್ಡ್ ಹೇಳ್ಬಿಡಿ, ಮನೇಲಿ ಕೂತು ಮಾಡ್ತೀನಿ.”

“ಹೇಳಲ್ಲ. ಬರ್ದೋಳು ನಾನು, ಸಾಗ್ಸೋಳೂ ನಾನೇ.”

ಆ ಸಾಲನ್ನು ತಾನೇ ಟೈಪ್ ಮಾಡಿದಳು. ಎಲ್ಲೋ ಒಂದು ಅಡ್ಡಗೆರೆ ಬಿಟ್ಟುಹೋಗಿ ಪರದೆ ಒಪ್ಪಲಿಲ್ಲ. ಇನ್ನೆರಡು ಸಲವೂ ಅದೇ ಪಾಡು. ಅಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು.

“ನಿಮಗ್ಯಾಕಕ್ಕ ಈ ತಲೆನೋವು?”

“ನೋವಿರೋದು ನಿನ್ನ ಸಾಲಲ್ಲಿ, ನನ್ನ ತಲೇಲಲ್ಲ. ನಾನು ಓಡ್ಸೋ ಹಂಗೆ ಮಾಡು. ಒಂದೊಂದೇ ಮಾತು ಕನ್ನಡದಲ್ಲಿ ಕೇಳ್ಲಿ. ಯಾವುದನ್ನ ಬಿಡೋ ಮುಂಚೇನೂ ನನ್ನ ಕೇಳ್ಲಿ.”

“ಹಂಗೆ ಯಾರೂ ಮಾಡಲ್ಲ.”

“ಮುಯ್ಯಿಗೆ ಬಂದೋರು ಹೊಲದೋರು ಹೇಳಿದಂಗೆ ಗೆಯ್ಬೇಕು ಕಣೋ. ನಿನ್ನ ಹೊಲದಲ್ಲಿ ನಾನೇನು ನನ್ನಿಷ್ಟ ಬಂದಂಗೆ ಕುಯ್ದ್ನಾ?”

ಶರತ್ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡ. ಅವಳು ಕುಯ್ಯಲು ಹೋದಳು, ಅವನು ಬರೆಯುತ್ತ ಕೂತ. ಹೊತ್ತು ಪಡುವಣಕ್ಕೆ ವಾಲಿದಾಗ ಕರೆದ. ಪರದೆಯ ಮೇಲೊಂದು ಚಿತ್ರ, ಒತ್ತಿದರೆ ಸಾಕು. ‘ನಿಮ್ಮ ಹಳೆಯ ಬ್ಲಾಗ್ ಯಾವುದು?’ ಎಂದು ಕೇಳಿತು. ಆಮೇಲೆ, ‘ಇವತ್ತು ಕುಯ್ಲು ಶುರು ಎಂಬುದು ಹನ್ನೊಂದು ಇವೆ. ಎಲ್ಲವೂ ಇರಲೇ?’

ಕೈಯನ್ನು ಸೆರಗಿಗೆ ಒರೆಸಿ ‘ಹೌದು’ ಒತ್ತಿದಳು. ಬಿಟ್ಟುಹೋಗಿದ್ದ ಹತ್ತೂ ಬಂದು ಸೇರಿದವು. ಬೆರಳಿಟ್ಟು ಎಣಿಸಿ ನೋಡಿದಳು.

“ಮುಯ್ಯಿ ತೀರ್ತಾ ಅಕ್ಕ?”

“ಮಧ್ಯಾಹ್ನದ್ದು ತೀರ್ತು. ಬೆಳಿಗ್ಗೆ ಗೆಯ್ದಿದ್ದು ನಿನ್ನಿಷ್ಟಕ್ಕೆ, ಅದು ಲೆಕ್ಕಕ್ಕಿಲ್ಲ. ಅರ್ಧ ದಿನ ಬಾಕಿ ಐತೆ, ನಾಳೆ ಹೊರೆ ಕಟ್ಟಕ್ಕೆ ಬಾ.”

“ಅನ್ಯಾಯ ಕಣಕ್ಕ ಇದು!”

ಅವಳಾಗಲೇ ಕುಡುಗೋಲು ಹಿಡಿದು ರಾಗಿಯ ಮುಂದಿನ ಸಾಲಿಗೆ ಬಗ್ಗಿದ್ದಳು.