ಖರ್ಜೂರ ವ್ಯಾಪಾರಿಯ ಕೋಣೆ

ಗಲ್ಫಿನ ಈ ನಿಜ್ವಾ ಊರಿನ ಹಳೇ ಕೇರಿಯ ಮಣ್ಣಿನ ಮನೆಗಳಿಗೆ ಈಗ ಬಂದಿರುವ ಗತಿ ನೋಡಿದರೆ ನಗಬೇಕೋ ಉಗಿಯಬೇಕೋ ತಿಳಿಯುವುದಿಲ್ಲ. ಮನೆಗೊಂದು ಕೆಫೆ. ಬಾಗಿಲಿಗೆ ನೀಲಿ ಬಣ್ಣ, ಗೋಡೆಗೆ ಸುಣ್ಣ, ಮೆಟ್ಟಿಲು ಮೆಟ್ಟಿಲಿಗೂ ಕುಶನ್. ಕೋಟೆ ನೋಡಲು ಬಂದ ಪ್ರವಾಸಿಗರು ಅದರ ಮೇಲೆ ಕಾಲು ಚಾಚಿ, ಒಂದು ಲೋಟ ಚಹಾದ ಫೋಟೋವನ್ನು ಅದು ಆರಿ ಕೆನೆಗಟ್ಟುವವರೆಗೂ ತೆಗೆಯುತ್ತಾರೆ. ಅಂಥದ್ದೇ ಒಂದು ಕಡೆಗೆ ನನ್ನ ಮಗಳು ಸಾರಾಳ ಮದುವೆ ಮಾತಿಗೆಂದು ಲವಿಟಾ ನಮ್ಮನ್ನು ಕರೆದಿದ್ದಳು.

ಲವಿಟಾ ಹುಡುಗನ ತಾಯಿ, ರಾಜಧಾನಿಯ ಅನುಕೂಲಸ್ಥರ ಬಡಾವಣೆ ಬೌಷರ್‌ನವಳು. ಮಗ ಟೆರೆನ್ಸ್ ಒಳ್ಳೆಯವನು. ಅವನೂ ಸಾರಾಳೂ ಮೆಚ್ಚಿಕೊಂಡಾಗಿದೆ. ತಾಯಿ ಹೂಂ ಅನ್ನುವುದೊಂದೇ ಬಾಕಿ. ಆ ಹೂಂಗಾಗಿ ನಾನು ಬೆಳಿಗ್ಗೆಯಿಂದ ಮೂರು ಸಲ ಜಪಸರ ಹೇಳಿದ್ದೆ.

"ಅಥೆನ್ಸಿನ ಹಳೇ ಪೇಟೆಯ ಹಾಗೇ ಉಂಟು, ಅಲ್ವಾ?" ಕೂತ ತಕ್ಷಣ ಲವಿಟಾ ಶುರುಮಾಡಿದಳು. "ಹೋದ ವರ್ಷ ನಾವು ಹೋದದ್ದು. ಅಲ್ಲಿಯೂ ಮೆಟ್ಟಿಲಲ್ಲೆಲ್ಲ ಕೆಫೆ, ಬಾರು. ನೀವು ಹೋಗ್ಲಿಲ್ವಾ ಲಿಲ್ಲಿ ಬಾಯಿ?"

"ಆಫೀಸಲ್ಲಿ ರಜೆ ಸಿಗ್ಬೇಕಲ್ಲ," ಎಂದೆ. ಮೆನುವಿನಲ್ಲಿ ಗ್ರೀಕ್ ಸಲಾಡ್ ಬೇರೆ ಇತ್ತು. ಸೌತೆಕಾಯಿ ಹೆಚ್ಚಿ ಮೇಲೆ ಬಿಳಿ ಚೀಸ್ ಉದುರಿಸಿದರೆ ಗ್ರೀಸಂತೆ! ಮಾಡುವವರಿಗೆ ಬುದ್ಧಿ ಇಲ್ಲದಿದ್ದರೆ ತಿನ್ನುವವರಿಗಾದರೂ ಬೇಡವೇ?

ಆದರೆ ನನ್ನ ಚಿಂತೆ ಬೇರೆಯೇ ಇತ್ತು. ಇಪ್ಪತ್ತಾರು ವರ್ಷಗಳ ಹಿಂದೆ ನಾನು, ನನ್ನ ಗಂಡ ರೊನಾಲ್ಡ್ ಬಾಡಿಗೆಗಿದ್ದದ್ದು ಇದೇ ಕೋಣೆಯಲ್ಲಿ. ಊರಿನವರೆಲ್ಲ ಹೊಸ ಮನೆ ಕಟ್ಟಿಕೊಂಡು ಹೋಗಿದ್ದರು. ಬೀಳುವ ಹಾಗಿದ್ದ ಮನೆಗಳಲ್ಲಿ ಕೂಲಿಯವರು ಮತ್ತು ನಾವು. ಪಕ್ಕದ ಎಂಟು ಗಂಡಸರಿಗೂ ನಮಗೂ ಒಂದೇ ಕಕ್ಕಸು. ಸಾರಾಗೆ ಎರಡು ತುಂಬುವ ಮೊದಲೇ ರೊನಾಲ್ಡ್ ತೀರಿಕೊಂಡ. ಅಪ್ಪನ ನೆನಪೇ ಇಲ್ಲದ ಮಗುವಿಗೆ ಈ ಕೋಣೆಯ ಕಥೆಯನ್ನು ನೂರು ಸಲ ಹೇಳಿ ಬೆಳೆಸಿದೆ. ಹೊರಗಿನವರ ಮುಂದೆ ಮಾತ್ರ, ನಾವು ಮೊದಲಿಂದಲೂ ವಿಲ್ಲಾದವರು.

ಕೆಫೆಯ ಮ್ಯಾನೇಜರ್, ಕಾಸರಗೋಡಿನ ಅಜ್ಮಲ್, ಕನ್ನಡ ಕೇಳಿ ಓಡಿ ಬಂದ. ತೊಲೆಯ ಕಬ್ಬಿಣದ ಕೊಕ್ಕೆ ತೋರಿಸಿದ. "ಮುನ್ನೂರು ವರ್ಷ ಹಳತು ಮೇಡಂ. ಖರ್ಜೂರದ ವ್ಯಾಪಾರಿ ತಕ್ಕಡಿ ನೇತುಹಾಕ್ತಿದ್ದದ್ದು."

ಥೂ, ನಿನ್ನ ತಕ್ಕಡಿಗಿಷ್ಟು! ರೊನಾಲ್ಡ್ ತಾನು ಕೆಲಸಕ್ಕಿದ್ದ ಗ್ಯಾರೇಜಿನಿಂದ ತಂದು ಸಾರಾಳ ತೊಟ್ಟಿಲಿಗೆಂದು ಹೊಡೆದ ಕೊಕ್ಕೆ ಅದು. ಹೊಡೆಯುವಾಗ ಮಣ್ಣುದುರಿ ಅನ್ನದ ಪಾತ್ರೆಗೆ ಬಿದ್ದು, ಅವತ್ತು ಇಬ್ಬರೂ ಬರೀ ಕುಬ್ಬೂಸ್ ರೊಟ್ಟಿ ತಿಂದಿದ್ದೆವು.

"ಆಮೇಲೆ ಲೇಬರ್‌ನವರು ಸೇರ್ಕೊಂಡು ಹಾಳು ಮಾಡಿದ್ರು," ಎಂದ ಅಜ್ಮಲ್. "ಗೋಡೆಯ ಮಸಿ ಕೆರೀಲಿಕ್ಕೇ ಎರಡು ತಿಂಗಳು ಬೇಕಾಯ್ತು."

"ಛೀ!" ಲವಿಟಾ ಕುರ್ಚಿಯನ್ನು ಗೋಡೆಯಿಂದ ದೂರ ಎಳೆದುಕೊಂಡಳು. "ಎಂಥೆಂಥವ್ರು ಇದ್ರೋ ಏನೋ!"

ನಾನೂ ನಕ್ಕೆ. ನನ್ನ ಒಲೆಯ ಮಸಿಗೆ ನಾನೇ ಹಲ್ಲು ಕಿರಿದೆ.

ಸಾರಾ ನಗಲಿಲ್ಲ. ಕೊಕ್ಕೆ, ಮೂಲೆಯ ಗೂಡು, ಕಿಟಕಿಯಾಚೆಯ ಮಿನಾರು, ಎಲ್ಲವನ್ನೂ ನನ್ನ ಕಥೆಗೆ ತಾಳೆ ನೋಡುತ್ತಿದ್ದಳು. ಅವಳ ಮುಖ ಅರಳಿತು.

"ಮಮ್ಮಿ! ಪಪ್ಪ ನನ್ನ ತೊಟ್ಟಿಲು ಕಟ್ಟಿದ್ದು ಇಲ್ಲೇ ಅಲ್ವಾ? ಇದು ನಮ್ಮದೇ ರೂಮ್!"

ಲವಿಟಾಳ ಚಮಚ ಅರ್ಧಕ್ಕೇ ನಿಂತಿತು.

"ಹುಚ್ಚು ಹುಡುಗಿ," ಎಂದೆ. "ನಾವು ಇಂಥ ಕಡೆ ಎಂತಕ್ಕೆ ಇರ್ತೇವೆ? ಅದು ಯಾರದ್ದೋ ಕಥೆ ಮಾರಾಯ್ತಿ, ಸುಮ್ಮನೆ ನಿನ್ನನ್ನು ಮಲಗಿಸ್ಲಿಕ್ಕೆ ಹೇಳಿದ್ದು."

ಲವಿಟಾ ಹೂಂ ಅಂದಳು. ಜನವರಿಯಲ್ಲಿ ಮಂಗಳೂರಿನಲ್ಲಿ ಮದುವೆ ಎಂದೂ ಅವಳೇ ನಿಶ್ಚಯ ಮಾಡಿದಳು.

ಕಾರಿನಲ್ಲಿ ಸಾರಾ ಸೀಟ್‌ಬೆಲ್ಟ್ ಹಾಕಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ಪಪ್ಪನ ಬಗ್ಗೆ ನೀನು ಹೇಳಿದ್ರಲ್ಲಿ ಯಾವ್ದು ನಿಜ, ಮಮ್ಮಿ?"