ಮುನ್ನೂರ ಹನ್ನೆರಡು ಪದಗಳು

ಇಂಗ್ಲಿಷಿನಲ್ಲಿ ಎ ಮತ್ತು ಆರ್ ಎರಡೂ ಇರುವ ಐದಕ್ಷರದ ಪದಗಳು ಒಟ್ಟು ಮುನ್ನೂರ ಹನ್ನೆರಡು. ಈ ಮಾತನ್ನು ಪೂರ್ಣ ಹೊಣೆಯರಿತು ಹೇಳುತ್ತಿದ್ದೇನೆ. ಬೇರೆ ಊರುಗಳಲ್ಲಿ ಹೆಚ್ಚುಕಡಿಮೆ ಇರಬಹುದು; ನಮ್ಮೂರಿನ ಮಟ್ಟಿಗೆ ಇಷ್ಟೇ. ಇದಕ್ಕೆ ಆಧಾರ, ಬೂಟಿನ ಕರಿ ಲಾಡಿ ಸುತ್ತಿ ಕಟ್ಟಿದ ನೀಲಿ ರಟ್ಟಿನ ಒಂದು ನೋಟುಬುಕ್ಕು. ಬರೆದವರು ಗಿಡಿಯನ್ ಮೇಷ್ಟ್ರು, ತಿದ್ದಿದವನು ನಾನು.

ಮೇಷ್ಟ್ರು ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಾನು ಕೋರ್ಟಿನಲ್ಲಿ ನಕಲು ಗುಮಾಸ್ತ. ಇನ್ನೊಬ್ಬರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನ್ನ ಅನ್ನದ ದಾರಿ. ಶನಿವಾರ ಸಂಜೆ ವಾಚನಾಲಯಕ್ಕೆ ಬರುತ್ತಿದ್ದ ಇಂಗ್ಲಿಷ್ ವಾರಪತ್ರಿಕೆಯ ಪದಬಂಧ ನಮ್ಮಿಬ್ಬರದು. ಖಾಲಿ ಮನೆಗಳ ಮುಂದೆ ಪೆನ್ಸಿಲು ಕಚ್ಚುತ್ತ ಕೂರುವ ಅವಮಾನ ತಪ್ಪಲೆಂದು ಮೇಷ್ಟ್ರು ಪದಗಳನ್ನು ಅಕ್ಷರಗಳ ಎಣಿಕೆಯಂತೆ ಪಟ್ಟಿ ಮಾಡತೊಡಗಿದರು. ಎ ಮತ್ತು ಆರ್ ಜೋಡಿ ಅವರಿಗೆ ಅಚ್ಚುಮೆಚ್ಚು. ನಿಯಮಗಳು ಎರಡೇ: ಬಹುವಚನ ಸಲ್ಲದು, ಹೆಸರು ಸಲ್ಲದು. ನಾನು ಅಪ್ಪಿತಪ್ಪಿ ಯಾವುದೋ ರಾಜನನ್ನೋ ನದಿಯನ್ನೋ ಹೇಳಿದರೆ ಅವರ ತೋರುಬೆರಳು ಮೇಲೆದ್ದು ಎರಡು ಸಲ ಅಲ್ಲಾಡುತ್ತಿತ್ತು.

"ಹೆಸರು ಕೂಗೋದು ನಿನ್ನ ಕೋರ್ಟಿನಲ್ಲಿ ಕಣಯ್ಯಾ. ಇಲ್ಲಿ ಕೂಗೋ ಹಾಗಿಲ್ಲ."

ಹನ್ನೊಂದು ವರ್ಷ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಅಲ್ಲೇ ಕುಸಿದರು. ಬಲಭಾಗ ಬಿತ್ತು, ಮಾತೂ ಬಿತ್ತು. ಡಾಕ್ಟರು, "ಬಾಯಿಪಾಠ ಆಗಿರೋದು ಒಂದೊಂದು ಸಲ ಉಳ್ಕೊಂಡಿರುತ್ತೆ, ಪ್ರಯತ್ನ ಮಾಡಿ" ಎಂದರು. ಅವರ ಹೆಂಡತಿ ಸಾರಮ್ಮ ಕೀರ್ತನೆಗಳನ್ನು ಹೇಳಿದರು, ಹಾಡಿದರು, ಮದುವೆಯ ಪ್ರತಿಜ್ಞೆಯನ್ನೂ ಒಪ್ಪಿಸಿದರು. ಮೇಷ್ಟ್ರು ಸೂರು ನೋಡುತ್ತ ಮಲಗಿದ್ದರು.

ನೋಡಲು ಹೋದ ನಾನು ಮಂಚದ ಪಕ್ಕ ಕೂತೆ. ಬೇರೇನೂ ತೋಚದೆ, "ಐದಕ್ಷರ. ಎ, ಆರ್. ಮೊದಲಕ್ಷರ ಡಬ್ಲ್ಯು" ಎಂದೆ.

"ವೇಫರ್," ಎಂದರು ಮೇಷ್ಟ್ರು. "ವೇಜರ್. ವಾಟರ್."

ಸಾರಮ್ಮ ಎದ್ದು ನೀರಿಗೆ ಓಡಿದರು. ಅವರು ಲೋಟ ತರುವಷ್ಟರಲ್ಲಿ ಪಟ್ಟಿ ವಿಯರಿ ಎಂಬ ಆಯಾಸವನ್ನು ದಾಟಿ, ರಾತ್ ಎಂಬ ಕ್ರೋಧಕ್ಕೆ ಬಂದು ಮುಗಿದಿತ್ತು. ಇಂಗ್ಲಿಷ್ ಬಾರದ ಆ ತಾಯಿಗೆ ತಿಳಿದದ್ದು ನೀರೊಂದೇ.

"ಕೇಳಿದ್ರಾ ಅಣ್ಣಾ? ನೀರು ಬೇಕಂತೆ!"

ಬಾಯಾರಿದ್ದು ಮೇಷ್ಟ್ರಿಗೋ ನೋಟುಬುಕ್ಕಿಗೋ, ನಾನು ಹೇಳಲಾರೆ. ನೀರನ್ನಂತೂ ಕುಡಿದರು. ಅಂದಿನಿಂದ ಸಂಜೆ ಸಂಜೆ ನಾನು ಅಕ್ಷರ ಕೊಡುವುದು, ಅವರು ಪಟ್ಟಿ ಒಪ್ಪಿಸುವುದು, ಸಾರಮ್ಮ ಅದರಲ್ಲಿ ತಮಗೆ ಬೇಕಾದದ್ದನ್ನು ಹೆಕ್ಕಿಕೊಳ್ಳುವುದು. ಬಿ ಎಂದರೆ ಬ್ರೆಡ್ಡು ಬರುತ್ತಿತ್ತು, ಸಿ ಎಂದರೆ ಕುರ್ಚಿ. ಬರೆದ ಅಕಾರಾದಿ ಕ್ರಮ ತಪ್ಪುತ್ತಿರಲಿಲ್ಲ. ಪಟ್ಟಿಯ ಹೊರಗಿನ ಒಂದು ಮಾತೂ ಬರುತ್ತಿರಲಿಲ್ಲ.

ಮೂರನೆಯ ವಾರ ಸಾರಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕೂತರು.

"ಅಣ್ಣಾ, ಇವತ್ತು ಎಸ್ ಕೇಳಿ."

"ಎಸ್‌ನಲ್ಲಿ ಸಕ್ಕರೆ ಬಿಟ್ಟರೆ ತಿನ್ನೋದು ಕುಡಿಯೋದು ಏನೂ ಇಲ್ಲವಲ್ಲ, ಅಮ್ಮಾ."

"ನಾನಿದೀನಿ." ಅವರ ಮುಖ ಸ್ವಲ್ಪ ಕೆಂಪಾಯಿತು. "ಒಂದಿನ ಜಗಳ ಆಡಿದ್ದೆ. ಮೂರು ಹೊತ್ತೂ ಆ ಪುಸ್ತಕ, ಅದರಲ್ಲಿ ನನಗೊಂದು ಜಾಗ ಇದೆಯಾ ಅಂತ. ಅವತ್ತೇ ಬರೆದು ಬಂದು ಹೇಳಿದ್ರು. 'ನಿಂದೂ ಐದಕ್ಷರ ಕಣೇ, ಎ ಕೂಡ ಇದೆ, ಆರ್ ಕೂಡ ಇದೆ, ಸೇರಿಸಿದೀನಿ' ಅಂತ. ಊರಿಗೆಲ್ಲ ನಾನು ಸಾರಮ್ಮ. ಸಾರಾ ಅಂತ ಕರೆಯೋರು ಇವರೊಬ್ಬರೇ. ಒಂದ್ಸಲ ಕೇಳಿಸ್ಕೊಂಡ್ರೆ ಸಾಕು ನನಗೆ."

ನಾನು ಮೇಷ್ಟ್ರ ಕಡೆ ತಿರುಗಿ ಕೇಳಿದೆ. "ಐದಕ್ಷರ. ಎ, ಆರ್. ಮೊದಲಕ್ಷರ ಎಸ್."

"ಸೇಬರ್," ಎಂದರು ಮೇಷ್ಟ್ರು. ಸಾರಮ್ಮ ಮುಂದಕ್ಕೆ ಬಾಗಿದರು. "ಸ್ಯಾಟರ್. ಸ್ಕೇರ್."

ಮೊದಲನೆಯದು ಬಾಗುಕತ್ತಿ, ಎರಡನೆಯದು ಆಡಿನ ಕಾಲುಳ್ಳ ಒಂದು ಲಂಪಟ ದೇವತೆ. ಎಸ್, ಎ, ಆರ್, ಎ, ಎಚ್: ಸಾರಾ ಇರಬೇಕಾದದ್ದು ಈ ಎರಡರ ನಡುವೆ. ಇನ್ನೊಮ್ಮೆ ಕೇಳಿದೆ. ಕತ್ತಿ ಬಂತು, ದೇವತೆ ಬಂತು. ನಡುವೆ ಉಸಿರಿನಷ್ಟೂ ಬಿಡುವಿರಲಿಲ್ಲ.

"ಪುಸ್ತಕ ತೋರ್ಸಿ," ಎಂದರು ಸಾರಮ್ಮ.

ಲಾಡಿ ಬಿಚ್ಚಿದೆ. ಮೇಷ್ಟ್ರ ಮುತ್ತಿನಂಥ ಕಪ್ಪಕ್ಷರ ಪುಟದ ತುಂಬ. ನಡುವೆ ಒಂದೇ ಒಂದು ಕೆಂಪು ಗೆರೆ. ಸಾರಮ್ಮನ ಬೆರಳು ನೇರವಾಗಿ ಅಲ್ಲಿಗೇ ಹೋಗಿ ನಿಂತಿತು.

"ಇದೇನಾ?"

"ಹೂಂ. ಮುಖ್ಯವಾದದ್ದಕ್ಕೆ ಒಂದು ಗುರುತು ಅಂತ…"

"ಅಣ್ಣಾ, ಮೂವತ್ತೈದು ವರ್ಷ ಈ ಮನೇಲಿ ಪರೀಕ್ಷೆ ಪೇಪರ್ ಜೋಡಿಸಿಟ್ಟಿದೀನಿ. ಅಕ್ಷರದ ಮೇಲೇ ಎಳೆದ ಗೆರೆ ಯಾವುದು, ಕೆಳಗೆ ಎಳೆದದ್ದು ಯಾವುದು, ನನಗೆ ಗೊತ್ತು." ಗೆರೆಯ ಮೇಲಿಂದ ಬೆರಳು ತೆಗೆಯದೆ ಕೇಳಿದರು, "ಇವರೇ ಹೊಡೆದ್ರಾ?"

ಹೌದು ಎನ್ನಬಹುದಿತ್ತು, ಅಲ್ಲಗಳೆಯುವ ಬಾಯಿ ಅಲ್ಲಿರಲಿಲ್ಲ. ಆದರೆ ಆ ಪ್ರಶ್ನೆಗೆ ಹೌದು ಎಂಬ ಉತ್ತರವನ್ನು ಆಕೆ ಹೊತ್ತು ತಿರುಗಬೇಕಾಗುತ್ತಿತ್ತು.

"ನಾನೇ. ಹೆಸರು ಸಲ್ಲೋದಿಲ್ಲ ಅಂತ."

"ಇವರೇನಂದ್ರು?"

ಇದನ್ನು ಕೇಳದಿದ್ದರೆ ಚೆನ್ನಾಗಿತ್ತು. ಗೆರೆ ಎಳೆದ ದಿನ ಮೇಷ್ಟ್ರು ನನ್ನ ಮುಖ ನೋಡಿ, ಕನ್ನಡಕ ತೆಗೆದು ಒರೆಸಿ, "ಸರಿ ಕಣಯ್ಯಾ, ನಿಯಮ ನಿಯಮವೇ" ಎಂದಿದ್ದರು. ಅದನ್ನೇ ಹೇಳಿದೆ.

ಸಾರಮ್ಮ ಎದ್ದು ಒಲೆಯ ಮೇಲಿದ್ದ ಗಂಜಿ ಇಳಿಸಲು ಹೋದರು.

ಮರುದಿನ ನಾನು ಕೆಂಪು ಗೆರೆಯ ಪಕ್ಕದಲ್ಲೇ ಆ ಹೆಸರನ್ನು ಕಪ್ಪು ಶಾಯಿಯಲ್ಲಿ ಹೊಸದಾಗಿ ಬರೆದೆ. ಮೇಷ್ಟ್ರ ಕಿವಿಗೆ ಬಾಯಿಟ್ಟು ಓದಿದೆ: ಸೇಬರ್, ಸಾರಾ, ಸ್ಯಾಟರ್. ನಾಲ್ಕು ತಿಂಗಳು, ದಿನಕ್ಕೆ ಹತ್ತು ಸಲವಾದರೂ ಓದಿರಬೇಕು. ಪ್ರತಿ ಸಲವೂ ಎರಡನೆಯ ಪದಕ್ಕೆ ಬರುತ್ತಿದ್ದಂತೆ, ಬಿದ್ದುಹೋಗದೆ ಉಳಿದಿದ್ದ ಎಡಗೈಯ ತೋರುಬೆರಳು ಹೊದಿಕೆಯಿಂದ ಮೇಲೆದ್ದು ಎರಡು ಸಲ ಅಲ್ಲಾಡುತ್ತಿತ್ತು. ಮಂಚದ ಆ ಬದಿಯಲ್ಲಿ ಕೂತು ಸಾರಮ್ಮ ಅದನ್ನು ನೋಡುತ್ತಿದ್ದರು. ಕೊನೆಕೊನೆಗೆ ಅವರು ಆ ಹೊತ್ತಿಗೆ ಸರಿಯಾಗಿ ಹಿತ್ತಲಿಗೆ ಹೋಗುವುದನ್ನು ರೂಢಿ ಮಾಡಿಕೊಂಡರು.

ಮೇಷ್ಟ್ರ ಸಮಾಧಿಯಾದ ಎಂಟನೆಯ ದಿನ ಸಾರಮ್ಮ ನೋಟುಬುಕ್ಕು ತಂದುಕೊಟ್ಟರು. ಲಾಡಿಗೆ ಎರಡು ಗಂಟು ಹಾಕಿದ್ದರು.

"ನಿಮ್ಮಲ್ಲೇ ಇರಲಿ. ನನಗೆ ಓದೋಕೆ ಬರಲ್ಲ."

ಗಂಟು ಬಿಚ್ಚದೆ ಇಟ್ಟಿದ್ದೇನೆ. ನಾನು ಬರೆದ ಹೆಸರನ್ನು ಸೇರಿಸಿದರೆ ಮುನ್ನೂರ ಹದಿಮೂರಾಗುತ್ತದೆ. ಮೇಷ್ಟ್ರು ಅದನ್ನು ಒಪ್ಪಲಿಲ್ಲ. ಮುನ್ನೂರ ಹನ್ನೆರಡೇ.