ಕುಸುಬಿ ಎಣ್ಣೆ ಕುಡಿದ ಬಂದೂಕು

ಮೊದಲೇ ಹೇಳಿಬಿಡುತ್ತೇನೆ, ನನ್ನ ಅವ್ವನನ್ನು ನೋಡಿ ಯಾರಾದರೂ ಕಿಸಕ್ಕನೆ ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ದಿನ ಸಾಂಗಲಿಯಲ್ಲಿ ನಕ್ಕವರ ಮುಖಗಳು ಇನ್ನೂ ನನ್ನ ಕಣ್ಣ ಮುಂದಿವೆ. ಅವರಲ್ಲಿ ಕೆಲವರು ಈಗ ನಾನು ಎದುರಾದರೆ "ಆರಾಮೇನವಾ ಮೋನಾಲಿ?" ಎಂದು ಹಲ್ಲು ಕಿರಿಯುತ್ತಾರೆ. ನಾನೂ "ಆರಾಮ ರೀ" ಅನ್ನುತ್ತೇನೆ. ಆದರೆ ಮರೆತಿಲ್ಲ.

ನಮ್ಮೂರು ಸೋನ್ಯಾಳ, ಸಾಂಗಲಿ ಜಿಲ್ಲೆಯ ಗಡಿಯಲ್ಲಿ ಕನ್ನಡ ಆಡುವ ಹಳ್ಳಿ; ಪೇಟೆಯಲ್ಲೆಲ್ಲ ಮರಾಠಿ. ದಿನಾ ಎಸ್.ಟಿ. ಬಸ್ಸು ಹಿಡಿದು ಜತ್ತದ ಕಾಲೇಜಿಗೆ ಹೋಗುತ್ತೇನೆ. ಕಾಲೇಜು ಬಿಟ್ಟ ಮೇಲೆ ಅಲ್ಲೇ ರೇವಪ್ಪ ಮಾಮಾನ ಶೆಡ್ಡು. ಮಾಮಾ ಫೌಜಿನಲ್ಲಿ ಹವಾಲ್ದಾರರಾಗಿದ್ದು ರಿಟೈರ್ ಆದವರು. ಒಣದ್ರಾಕ್ಷಿ ಮಾಡುವ ಶೆಡ್ಡು ಹಂಗಾಮು ಮುಗಿದ ಮೇಲೆ ಖಾಲಿ ಬಿದ್ದಿರುತ್ತದಲ್ಲ, ಅದರಲ್ಲಿ ಹತ್ತು ಮೀಟರ್ ಅಳೆದು, ಒಂದು ಕಡೆ ಗುರಿಯ ಕಾಗದ ಸಿಕ್ಕಿಸಿ, ನಮಗೆ ಗಾಳಿ ಬಂದೂಕು ಕಲಿಸುತ್ತಾರೆ. ಗಾಳಿ ಬಂದೂಕು ಎಂದರೆ ಹೆದರಬೇಡಿ. ಮದ್ದಿಲ್ಲ, ಹೊಗೆಯಿಲ್ಲ, ಜೋಳದ ಕಾಳಿನಷ್ಟು ಸೀಸದ ಛರ್ರಾ ಅಷ್ಟೇ. ಆದರೆ ಆ ಕಾಳು ಹೋಗಿ ಕೂರಬೇಕಾದ ಜಾಗ ಕಾಗದದ ಮೇಲೆ ಒಂದು ಚುಕ್ಕೆ. ಉಸಿರು ಒಂಚೂರು ಅಲುಗಿದರೂ ಮುಗಿಯಿತು.

ಬಂದೂಕು ನನ್ನದಾಗಿರಲಿಲ್ಲ. ತಾಲೂಕಿನ ಒಂದು ಕ್ರೀಡಾ ಮಂಡಳದವರು ಆ ವರ್ಷದ ಮಟ್ಟಿಗೆ ನನ್ನ ಕೈಗೆ ಕೊಟ್ಟಿದ್ದರು. ದಸರೆ ಮುಗಿದ ಮೇಲೆ ಸಾಂಗಲಿಯಲ್ಲಿ ಸ್ಪರ್ಧೆ. ಅಲ್ಲಿ ಜಿಲ್ಲಾ ತಂಡಕ್ಕೆ ಆರಿಸುವ ಮೂವರು ಹುಡುಗಿಯರಲ್ಲಿ ನಾನಿದ್ದರೆ ಬಂದೂಕು ನನ್ನ ಹತ್ತಿರವೇ ಉಳಿಯುತ್ತದೆ. ಇಲ್ಲದಿದ್ದರೆ ಅದು ಇನ್ನೊಬ್ಬರ ಪಾಲು, ನಾನು ಅವ್ವನ ಜೊತೆ ಒಣದ್ರಾಕ್ಷಿ ಆರಿಸುವ ಕೂಲಿಗೆ.

ಅವ್ವನಿಗೆ ಈ ಬಂದೂಕಿನ ಹುಚ್ಚು ಕಂಡರೆ ಆಗುತ್ತಿರಲಿಲ್ಲ. ಬಂದೂಕು ಎಂಬ ಮಾತನ್ನೇ ಅವಳು ಬಾಯಿಂದ ಆಡುತ್ತಿರಲಿಲ್ಲ. "ಅದು", "ನಿಂದು ಅದು", ಹೆಚ್ಚೆಂದರೆ "ಆ ಆಟದ ಸಾಮಾನ." ಓಣಿಯಲ್ಲಿ ಯಾರಾದರೂ "ಇಂದುಬಾಯಿ, ನಿನ್ನ ಮಗಳು ಎಲ್ಲಿಗೆ ಹೋಗತಾಳವಾ?" ಎಂದರೆ "ಕಂಪ್ಯೂಟರ ಕಲಿಲಿಕ್ಕ" ಎಂದು ಹಸಿ ಸುಳ್ಳು ಹೇಳುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಇಬ್ಬರೂ ಬಾಯಿಜೋರಿನವರು, ಮನೆಯಲ್ಲಿ ದಿನಾ ರಾಮಾಯಣ. ಅಪ್ಪ ಮಾತ್ರ ಬಾಗಿಲಲ್ಲಿ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದ.

ಅಂಥ ಅವ್ವ ಖಂಡೆ ಪೂಜೆಗೆ ಇನ್ನೂ ಎರಡು ದಿನ ಇರುವಾಗ ರೊಟ್ಟಿ ಬಡಿಯುತ್ತಾ, ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು, "ನಾಳೆ ಅದನ್ನ ಮನಿಗೆ ತಗೊಂಡು ಬಾ."

"ಯಾವುದನ್ನ?"

"ಅದ. ನಿಂದು ಅದು."

ನಮ್ಮ ಮನೆಯ ಖಂಡೆ ಪೂಜೆಯ ಬಗ್ಗೆ ಸ್ವಲ್ಪ ಹೇಳಬೇಕು. ಮಹಾನವಮಿಯ ದಿನ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಗೋಡೆಗೆ ಸಾಲಾಗಿ ಇಡುತ್ತೇವೆ. ಅಪ್ಪ ಕಬ್ಬು ಕಡಿಯುವ ಕೊಯ್ತಾ, ಸಲಿಕೆ, ಕುರ್ಪಿ, ಅವ್ವನ ಹೊಲಿಗೆ ಮಶೀನು. ಪ್ರತಿಯೊಂದಕ್ಕೂ ಕುಸುಬಿ ಎಣ್ಣೆ, ಕುಂಕುಮ, ಚೆಂಡು ಹೂವು. ಆ ಸಾಲಿಗೆ ಬೇರೇನೂ ಸೇರುವಂತಿಲ್ಲ. ಒಂದು ವರ್ಷ ನನ್ನ ತಮ್ಮ ಪ್ರಥಮೇಶ ತನ್ನ ಕ್ರಿಕೆಟ್ ಬ್ಯಾಟು ತಂದಿಟ್ಟಿದ್ದ. ಅವ್ವ ಅದನ್ನು ಎತ್ತಿ ಅಂಗಳಕ್ಕೆ ಎಸೆದಳು. "ಇದು ದುಡಿಯೂ ಸಾಮಾನಿನ ಸಾಲ ಐತಿ. ಆಟದ್ದಕ್ಕ ಎಂಥಾ ಪೂಜಾನೋ?" ಹುಡುಗ ಹೋಳಿಗೆಯನ್ನೂ ಮುಟ್ಟದೆ ಅತ್ತ.

ಮಾಮಾನನ್ನು ಕೇಳಿದೆ. "ಒಯ್ಯವಾ. ಫೌಜಿನ್ಯಾಗೂ ಪೂಜಾ ಮಾಡತಿದ್ವಿ. ಕೈಜಾರಿ ಬೀಳಸಬ್ಯಾಡ ಅಷ್ಟ" ಎಂದರು. ಉದ್ದನೆಯ ಪೆಟ್ಟಿಗೆ ಹೊತ್ತು ಎಸ್.ಟಿ. ಹತ್ತಿದರೆ ಕಂಡಕ್ಟರ್ ಹಾರ್ಮೋನಿಯಂ ಎಂದುಕೊಂಡು "ಏನವಾ ಇದು, ಪೇಟಿ ಏನು? ಭಜನಿಗೆ ಹೊಂಟಿ?" ಎಂದ. ನಾನು ಮೆಲ್ಲಗೆ "ಹೂಂ ರೀ, ಪೇಟಿ" ಎಂದೆ. ಅವ್ವನ ಮಗಳಲ್ಲವೇ ನಾನು.

ಮರುದಿನ ಅವ್ವ ನನ್ನನ್ನು ಹೂವಿಗೆ ಕಳಿಸಿದಳು. ತರುವಷ್ಟರಲ್ಲಿ ಅರ್ಧ ಪೂಜೆ ಮುಗಿದಿತ್ತು. ಗೋಡೆಗೆ ಕೊಯ್ತಾ, ಸಲಿಕೆ, ಕುರ್ಪಿ, ಮಶೀನು. ಮಶೀನಿನ ಪಕ್ಕದಲ್ಲಿ, ಹೊಸ ಕುಪ್ಪಸದ ಖಣದ ಮೇಲೆ, ನನ್ನ ಬಂದೂಕು. ಕಟ್ಟಿಗೆಯ ಹಿಡಿಯ ಮೇಲೆ ಮೂರು ಬೆರಳಿನ ಕುಂಕುಮ. ಕೈಯಲ್ಲಿದ್ದ ಹೂವು ಕೊಟ್ಟೆ. ಅವಳು ಅದರಲ್ಲೊಂದನ್ನು ಬಂದೂಕಿನ ಮೇಲಿಟ್ಟಳು. ಊಟಕ್ಕೆ ಕುಳಿತಾಗ ನನ್ನ ಹೋಳಿಗೆಗೆ ತುಪ್ಪ ಎರಡು ಸಲ ಬಿತ್ತು.

ಪೂಜೆಗೆ ಇಟ್ಟದ್ದನ್ನು ದಸರೆ ಮುಗಿಯುವ ತನಕ ಮುಟ್ಟುವಂತಿಲ್ಲ, ಹಾಗಾಗಿ ಬಂದೂಕು ಆ ಸಾಲಿನಿಂದ ನೇರ ಸ್ಪರ್ಧೆಗೇ ಹೊರಟಿತು. ಸಾಂಗಲಿಗೆ ಅವ್ವ ತಾನಾಗಿಯೇ ಹೊರಟು ನಿಂತಳು. ದಸರೆಯ ಹೊಸ ಸೀರೆ, ಚೀಲದಲ್ಲಿ ಬುತ್ತಿ. ರೇವಪ್ಪ ಮಾಮಾ ತಮ್ಮ ಬಿಳಿ ಟೋಪಿ ನೀಟಾಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಆ ಟೋಪಿಯಿಲ್ಲದ ಮಾಮಾನನ್ನು ಜತ್ತ ತಾಲೂಕಿನಲ್ಲಿ ಯಾರೂ ಕಂಡಿಲ್ಲ.

ರೇಂಜಿನಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಒಂದು ದೊಡ್ಡ ಅಕಾಡೆಮಿಯ ಹುಡುಗಿಯರು ನಿಂತಿದ್ದರು. ಅವರ ಕೋಚ್ ರವಿಕುಮಾರ ಸರ್. ಹುಟ್ಟಿದ್ದು ನಮ್ಮ ಕಡೆಯೇ, ಆದರೆ ಸಾಂಗಲಿಗೆ ಬಂದ ಮೇಲೆ ಕನ್ನಡ ಕಿವಿಗೆ ಬಿದ್ದರೆ ಮೂಗು ಮುರಿಯುತ್ತಾರೆ. ಬಂದೂಕಿನ ಮೇಲಿನ ಕುಂಕುಮ ನೋಡಿ ತಮ್ಮ ಹುಡುಗಿಯರಿಗೆ ಕಣ್ಣು ಮಿಟುಕಿಸಿದರು. ನಾನು ನೋಡದಂತೆ ಇದ್ದೆ.

ಸ್ಪರ್ಧೆಗೆ ಮೊದಲು ಅಂದಾಜು ನೋಡಿಕೊಳ್ಳಲು ಸ್ವಲ್ಪ ಹೊತ್ತು ಕೊಡುತ್ತಾರೆ. ಆಗ ಹೊಡೆದದ್ದು ಲೆಕ್ಕಕ್ಕಿಲ್ಲ. ಕೆನ್ನೆ ಒತ್ತಿದೆ, ಉಸಿರು ಹಿಡಿದೆ, ಹೊಡೆದೆ. ಸದ್ದೇ ಬೇರೆ ಇತ್ತು, ಪಚ್ ಎಂದಿತು. ತಂತಿಯ ಮೇಲೆ ಗುರಿಯ ಕಾಗದ ಹಿಂದಕ್ಕೆ ಬಂತು. ತೂತು ಎಲ್ಲೋ ಕೆಳಗೆ, ಅಂಚಿನಲ್ಲಿ. ಅದರ ಸುತ್ತ ಎಣ್ಣೆಯ ಕಲೆ. ಭಜಿ ಕಟ್ಟಿದ ಕಾಗದದ ಹಾಗೆ! ಇನ್ನೊಂದು ಹೊಡೆದೆ. ಅದು ಮೇಲೆ ಹೋಯಿತು. ಮತ್ತೊಂದು ಬಲಕ್ಕೆ. ಮೂಗಿಗೆ ಕುಸುಬಿ ಎಣ್ಣೆಯ ವಾಸನೆ ಬಡಿಯಿತು.

ಹಿಂತಿರುಗಿ ನೋಡಿದೆ. ಕಟಕಟೆಯ ಆಚೆ ಅವ್ವ ಬುತ್ತಿಯ ಚೀಲ ತಬ್ಬಿಕೊಂಡು ನಿಂತಿದ್ದಳು.

"ಅವ್ವ, ಇದರಾಗ ಎಣ್ಣಿ ಹಾಕೀಯೇನು?"

"ಹೂಂ. ಮಶೀನಿಗೆ ಹಾಕೂ ಹಂಗ ಹಾಕೀನಿ. ನಳಿಗ್ಯಾಗೂ ಬಿಟ್ಟೀನಿ, ಒಳಗ ತುಕ್ಕ ಹಿಡೀಬಾರದಂತ." ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕ? ಹಾಕಬಾರದೇನು?"

ರವಿಕುಮಾರ ಸರ್‌ಗೆ ಅಷ್ಟೇ ಸಾಕಾಯಿತು. ಇಷ್ಟು ಹೊತ್ತು ಮರಾಠಿಯಲ್ಲೇ ಇದ್ದವರಿಗೆ ನಗಲಿಕ್ಕೆ ಮಾತ್ರ ಕನ್ನಡ ಬೇಕಾಯಿತು. "ಅಯ್ಯಯ್ಯ! ಕುಡುಗೋಲು ತಿಳಕೊಂಡಾರಿವ್ರು! ಏನ್ರಿ ಬಾಯಿ, ನಳಿಗ್ಯಾಗ ಭಜಿ ಕರೀಲಿಕ್ಕ ಬಂದೀರೇನು?" ಅಕಾಡೆಮಿಯ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ನೀರು ಕೊಡುವವನು, ಎಲ್ಲರೂ ನಕ್ಕರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಓಣಿಯನ್ನೆಲ್ಲ ಬಾಯಲ್ಲೇ ಆಳುವ ನನ್ನ ಅವ್ವ ಆ ನಗುವಿನ ಮುಂದೆ ಅಷ್ಟು ಸಣ್ಣವಳಾಗಿ ನಿಂತಳು. ಆ ಮನುಷ್ಯನ ಬಾಯಿಗೆ ಛರ್ರಾ ತುಂಬಿಬಿಡಬೇಕು ಅನ್ನಿಸಿತು.

ನಕ್ಕು ಮುಗಿದ ಮೇಲೆ ಅವರು ಹತ್ತಿರ ಬಂದು ದನಿ ಇಳಿಸಿದರು. "ನೋಡವಾ, ಕೈ ಚಲೋ ಐತಿ ನಿಂದು, ಹಿಂದ ನೋಡೀನಿ. ಬಂದೂಕ ಕೆಟ್ಟರ ಬದಲಿ ತಗೋಲಿಕ್ಕ ರೂಲ್ ಐತಿ. ನಮ್ಮದೊಂದು ಕೊಡತೀನಿ, ಜರ್ಮನಿದು. ಇವತ್ತಿಂದ ನಮ್ಮ ಅಕಾಡೆಮಿ ಹೆಸರಿಲೆ ಆಡು. ಈ ಶೆಡ್ಡು, ಈ ಕುಂಕುಮ ಎಲ್ಲಾ ಬಿಟ್ಟಬಿಡು. ನಿಮ್ಮವ್ವನ್ನ ಲಗೂನ ಹೊರಗ ಕುಂದರಸು."

ಮಾಮಾ ಮುಖ ತಿರುಗಿಸಿ ನಿಂತರು. "ನಿನ್ನ ಇಚ್ಛಾ ಐತವಾ. ನಾ ಬ್ಯಾಡ ಅನ್ನೂದಿಲ್ಲ" ಎಂದರು. ಅವ್ವ ಕಟಕಟೆಯ ಆಚೆಯಿಂದ ಕೈ ಮುಗಿದಳು. "ತಗೋ ಮೋನಿ, ಸರ್ ಕೊಡತಾರ, ತಗೋ. ನಾ ಹೊರಗ ಹೋಗತೀನಿ. ಅವ್ವ ಅಡಾಣಿ ಇದ್ದಾಳ ಅಂತ ಹೇಳು, ಅಡಾಣಿ ಅಂತ ಹೇಳಿ ಮಾಫಿ ಕೇಳು."

ಅಡಾಣಿ! ಏನೂ ತಿಳಿಯದವಳು! ಜರ್ಮನಿ ಬಂದೂಕು ಬೇಡವಾಗಿತ್ತು ಎಂದು ಸುಳ್ಳು ಹೇಳುವುದಿಲ್ಲ. ಕೈ ತುರಿಸುತ್ತಿತ್ತು. ಆದರೆ ಗೋಡೆಯ ಪಕ್ಕದ ಆ ಸಾಲು ನೆನಪಾಯಿತು. ಸ್ವಂತ ಮಗನ ಬ್ಯಾಟನ್ನು ಅಂಗಳಕ್ಕೆ ಎಸೆದವಳು ನನ್ನ ಬಂದೂಕನ್ನು ತನ್ನ ಮಶೀನಿನ ಪಕ್ಕ ಇಟ್ಟಿದ್ದಳು. ಅದಕ್ಕೆ ಮಾಫಿ ಕೇಳಬೇಕೆ? ನನ್ನ ಜೀವ ಹೋದರೂ ಕೇಳುವುದಿಲ್ಲ.

"ನಿಮ್ಮ ಬಂದೂಕ ನಿಮ್ಮ ಹಂತ್ಯಾಕ ಇರಲಿ ಸರ್" ಎಂದೆ, ಎಲ್ಲರಿಗೂ ಕೇಳುವಂತೆ. "ನಮ್ಮವ್ವ ಎಲ್ಲೂ ಹೋಗೂದಿಲ್ಲ. ಅಲ್ಲೇ ನಿಂತಿರತಾಳ. ಮಾಮಾ, ನಳಿಗಿ ಒರಸೂಣು, ಅರಿವಿ ತಗೀರಿ."

ಮಾಮಾನ ಪೆಟ್ಟಿಗೆಯಲ್ಲಿ ನಳಿಗೆಯೊಳಗೆ ಎಳೆಯುವ ದಾರವಿತ್ತು, ಅರಿವೆ ಇರಲಿಲ್ಲ. ಅವ್ವ ಒಂದು ಕ್ಷಣವೂ ಯೋಚಿಸದೆ ಹೊಸ ಸೀರೆಯ ಸೆರಗಿಗೆ ಹಲ್ಲು ಹಾಕಿದಳು. "ಬ್ಯಾಡ ತಂಗಿ, ಅದು ಪಾಲಿಸ್ಟರ್ ಐತಿ, ಎಣ್ಣಿ ಹೀರೂದಿಲ್ಲ" ಎಂದು ತಡೆದ ಮಾಮಾ ತಲೆಗೆ ಕೈ ಹಾಕಿದರು. ಇಸ್ತ್ರಿ ಮಾಡಿಸಿದ ಆ ಬಿಳಿ ಟೋಪಿ ತೆಗೆದು ಚರ್ರನೆ ಹರಿದರು. ಅಚ್ಚ ಹತ್ತಿಯದು. ಅಷ್ಟು ಜನರ ಮುಂದೆ ಅವರ ಬೋಳು ತಲೆ ಟ್ಯೂಬ್‌ಲೈಟಿನ ಕೆಳಗೆ ಹೊಳೆಯುತ್ತಿತ್ತು. ಈಗ ಯಾರೂ ನಗಲಿಲ್ಲ, ಮಾಮಾನ ಮುಖ ಹಾಗಿತ್ತು.

ಟೋಪಿಯ ಚೂರುಗಳನ್ನು ಒಂದೊಂದಾಗಿ ನಳಿಗೆಯಲ್ಲಿ ಎಳೆದೆವು. ಹಳದಿಯಾಗಿ ಬಂದವು, ಮತ್ತೆ ಹಳದಿಯಾಗಿ ಬಂದವು. ಅಷ್ಟರಲ್ಲಿ ಅಂದಾಜು ನೋಡುವ ಹೊತ್ತು ಮುಗಿದು ಸ್ಪರ್ಧೆ ಶುರುವಾಗಿಬಿಟ್ಟಿತು. ಇನ್ನು ಹೊಡೆದದ್ದೆಲ್ಲ ಲೆಕ್ಕಕ್ಕೆ.

ಮೊದಲ ಕೆಲವು ಹೊಡೆತ ದಂಡ. ಒಳಗೆ ಉಳಿದ ಎಣ್ಣೆ ಛರ್ರಾವನ್ನು ತನಗೆ ಬೇಕಾದ ಕಡೆ ಕಳಿಸುತ್ತಿತ್ತು. ಪಕ್ಕದಲ್ಲಿ ರವಿಕುಮಾರ ಸರ್ ನಿಟ್ಟುಸಿರು ಬಿಟ್ಟದ್ದು ಬೇಕೆಂದೇ ನನಗೆ ಕೇಳುವ ಹಾಗಿತ್ತು. ಬಂದೂಕು ಕೈಬಿಟ್ಟು ಹೋಗುವುದು ಕಣ್ಣಿಗೆ ಕಟ್ಟಿತು. ಯಾರೋ ಮಂಡಳದವರು ಬಂದು ಪೆಟ್ಟಿಗೆ ಎತ್ತಿಕೊಂಡು ಹೋದಂತೆ. ಆಮೇಲೆ ಸಿಟ್ಟು ಬಂತು. ನನ್ನ ಸಿಟ್ಟಿನ ಗುಣ ಮಾಮಾನಿಗೆ ಗೊತ್ತು. ಬೇರೆಯವರಿಗೆ ಸಿಟ್ಟು ಬಂದರೆ ಕೈ ನಡುಗುತ್ತದೆ, ನನಗೆ ಕೈ ಕಲ್ಲಾಗುತ್ತದೆ. ನಡೀ, ನೀನು ಅವ್ವನ ಎಣ್ಣೆ ಕುಡಿದಿದ್ದೀ, ಇನ್ನು ಅವ್ವನ ಮರ್ಯಾದೆ ಉಳಿಸು ಎಂದು ಬಂದೂಕಿಗೇ ಬೈದೆ. ಕುಂಕುಮ ಕೆನ್ನೆಗೆ ಹತ್ತುತ್ತಿತ್ತು. ಛರ್ರಾಗಳು ಒಂದರ ಪಕ್ಕ ಒಂದು ಬೀಳತೊಡಗಿದವು, ಆದರೆ ಚುಕ್ಕೆಗಿಂತ ಸ್ವಲ್ಪ ಕೆಳಗೆ. ಬಂದೂಕಿನ ಗುರಿ ಹೊಂದಿಸುವ ತಿರುಪು ಒಂಚೂರು ತಿರುವಿದೆ. ಆಮೇಲೆ ಪಚ್ ಸದ್ದು ಹೋಗಿ, ನನಗೆ ಗೊತ್ತಿದ್ದ ಹಳೆಯ ಟಪ್ ಸದ್ದು ಬಂತು. ಅದರ ನಂತರ ನಾನು ಯಾರನ್ನೂ ನೋಡಲಿಲ್ಲ, ಏನೂ ಕೇಳಲಿಲ್ಲ.

ಫಲಿತಾಂಶ ಕೂಗಿದರು. ಮೂರನೆಯ ಹೆಸರು ನನ್ನದು. ನಾಲ್ಕನೆಯದು ರವಿಕುಮಾರ ಸರ್ ಹುಡುಗಿಯದು.

ಸರ್ ಸುಮ್ಮನಿರುತ್ತಾರೆಯೇ? ನೆಟ್ಟಗೆ ಹೋಗಿ ತಕರಾರು ಹಾಕಿದರು. ಆಟಕ್ಕೆ ಮೊದಲು ಹೊರಗಿನವರು ಬಂದೂಕಿನೊಳಗೆ ಏನೋ ಹಾಕಿದ್ದಾರೆ, ಇವಳನ್ನು ತೆಗೆದುಹಾಕಿ ಎಂದು. ಮುಖ್ಯ ತೀರ್ಪುಗಾರರಾದ ಯೋಗಿತಾ ಮ್ಯಾಡಮ್ ಅವ್ವನನ್ನು ಕರೆಸಿ ಮರಾಠಿಯಲ್ಲಿ ಕೇಳಿದರು, "ಬಂದೂಕಿಗೆ ಎಣ್ಣೆ ಹಾಕಿದವರು ನೀವೇನು? ಯಾಕೆ ಹಾಕಿದಿರಿ?"

ಅವ್ವನಿಗೆ ಮರಾಠಿ ಬರುತ್ತದೆ. ಸಂತೆಯಲ್ಲಿ ಮರಾಠಿಯಲ್ಲೇ ಜಗಳವಾಡುತ್ತಾಳೆ. ಅವತ್ತು ಮಾತ್ರ ಕನ್ನಡದಲ್ಲೇ ಹೇಳಿದಳು, ತಲೆ ಎತ್ತಿ.

"ಹೌದ್ರಿ, ನಾನ ಹಾಕೀನಿ. ದುಡಿಯೂ ಸಾಮಾನಕ್ಕ ಎಣ್ಣಿ ಹಾಕೂದು ನಮ್ಮ ಮನಿ ರೀತಿ. ನನ್ನ ಗಂಡನ ಕೊಯ್ತಾಕ ಹಾಕೀನಿ, ನನ್ನ ಮಶೀನಿಗೆ ಹಾಕೀನಿ, ನನ್ನ ಮಗಳ ಇದಕ್ಕೂ ಹಾಕೀನಿ. ಇದು ಆಟದ ಸಾಮಾನ ಆಗಿದ್ರ ನಾ ಮುಟ್ಟತಿರಲಿಲ್ಲ."

ಮ್ಯಾಡಮ್ ನನ್ನ ಕಡೆ ನೋಡಿದರು. ನಾನು ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದೆ. ಕೊನೆಯ ಮಾತಿಗೆ ದನಿ ಒಡೆಯಿತು, ಆದರೂ ಹೇಳಿದೆ.

ಮ್ಯಾಡಮ್ ನನ್ನ ಗುರಿಯ ಕಾಗದಗಳನ್ನು ತಿರುವಿ ನೋಡಿದರು. ಆಮೇಲೆ, "ಎಣ್ಣೆಯಿಂದ ನಷ್ಟವಾದದ್ದು ಈ ಹುಡುಗಿಗೇ, ನಿಮಗಲ್ಲ ಸರ್. ಇವಳ ಅಂಕಗಳು ಹಾಗೇ ಇರುತ್ತವೆ" ಎಂದರು.

ಹೊರಗೆ ಬಂದಾಗ ರವಿಕುಮಾರ ಸರ್ ಅಡ್ಡ ಬಂದರು. "ರಾಜ್ಯ ಮಟ್ಟದಾಗರೆ ಆ ಕುಂಕುಮ ತೊಳಕೊಂಡು ಹೋಗವಾ. ನಗತಾರ ಜನ."

"ನಗಲಿ ಬಿಡ್ರಿ ಸರ್. ಇವತ್ತೂ ನಕ್ಕಿದ್ರು" ಎಂದೆ.

ಬಸ್‌ಸ್ಟ್ಯಾಂಡಿನಲ್ಲಿ ಮಾಮಾ ತಲೆಗೆ ಟವೆಲ್ಲು ಸುತ್ತಿಕೊಂಡು ನಮ್ಮ ಬುತ್ತಿ ತಿಂದರು. ಅವ್ವ ಅವರಿಗೆ ಬಗಲಿನ ಅಂಗಡಿಯಿಂದ ಹೊಸ ಟೋಪಿ ತಂದುಕೊಟ್ಟಳು, ಒಂದು ಸೈಜು ದೊಡ್ಡದು, ಕಿವಿಯ ತನಕ ಇಳಿಯುತ್ತಿತ್ತು. ಯಾರಿಗೂ ಅದನ್ನು ಹೇಳುವ ಧೈರ್ಯವಾಗಲಿಲ್ಲ.

"ಮುಂದಿನ ನವಮಿಗೆ ಎಣ್ಣಿ ಬ್ಯಾಡ?" ಎಂದು ಅವ್ವ ಕೇಳಿದಳು.

"ಬ್ಯಾಡ ಅವ್ವ."

"ಕೊಬ್ಬರಿ ಎಣ್ಣಿ?"

"ಅದೂ ಬ್ಯಾಡ. ಕುಂಕುಮ ಹಚ್ಚು, ಎಷ್ಟ ಬೇಕಾದರೂ ಹಚ್ಚು."

ಜತ್ತದ ಬಸ್ಸು ಬಂತು. ಪೆಟ್ಟಿಗೆಗೆ ಕೈ ಹಾಕಿದರೆ ಅವ್ವ ಬಿಡಲಿಲ್ಲ, ತಾನೇ ಎತ್ತಿ ಹೆಗಲಿಗೆ ಹಾಕಿಕೊಂಡಳು. ಒಳಗೆ ಕಿಕ್ಕಿರಿದ ಜನ. ಕಂಡಕ್ಟರ್ ಬಾಗಿಲಲ್ಲೇ ತಡೆದ. "ಏನ್ರಿ ಬಾಯಿ ಇಷ್ಟುದ್ದ? ಪೇಟಿ ಏನು?"

ನಾನು ಹೂಂ ಅನ್ನಲು ಬಾಯಿ ತೆಗೆದಿದ್ದೆ. ಅವ್ವ ಬಸ್ಸಿನ ಕೊನೆಯ ಸೀಟಿಗೂ ಕೇಳುವ ಹಾಗೆ ಕೂಗಿದಳು.

"ಪೇಟಿ ಅಲ್ರಿ, ಬಂದೂಕ! ನನ್ನ ಮಗಳದು. ಸರೀರಿ, ಹಾದಿ ಬಿಡ್ರಿ!"